ಕೆರೆ ದಂಡೆಯ ದಾರಿಗೆ ಗೇಟು ಬಿದ್ದಿದೆಯಾ? ಮೊದಲು ಆ ಮಣ್ಣು ಯಾರದು ಅಂತ ನೋಡಿ

ನಮ್ಮ ಬೀದಿಯಿಂದ ಕೆರೆಗೆ ಹೋಗಲು ಇದ್ದದ್ದು ಒಂದೇ ದಾರಿ. ಹುಣಸೆ ಮರ ದಾಟಿ, ಒಂದು ಖಾಲಿ ಜಮೀನಿನ ಅಂಚಿನಲ್ಲೇ ನಡೆದು, ಕೋಡಿಯ ಹತ್ತಿರ ಏರಿ ಹತ್ತುತ್ತಿದ್ದೆವು. ವಾಕಿಂಗ್ ಮಾಡುವವರಷ್ಟೇ ಅಲ್ಲ, ಹಸು ಮೇಯಿಸುವವರು, ಹುಲ್ಲು ಕುಯ್ಯುವವರು, ಮೀನು ಹಿಡಿಯುವವರು, ಗೌರಿ ಹಬ್ಬಕ್ಕೆ ಗಂಗೆ ತರುವ ಹೆಂಗಸರು, ಎಲ್ಲರೂ ಅಲ್ಲೇ ಓಡಾಡುತ್ತಿದ್ದರು. ಆ ಜಮೀನಿನಲ್ಲಿ ಅಪಾರ್ಟ್‌ಮೆಂಟ್ ಎದ್ದಿತು. ಒಂದು ದಿನ ಬೆಳಿಗ್ಗೆ ಹೋದರೆ ಕಬ್ಬಿಣದ ಗೇಟು, ಬೀಗ, ‘ಖಾಸಗಿ ಸ್ವತ್ತು, ಪ್ರವೇಶವಿಲ್ಲ’ ಅನ್ನುವ ಬೋರ್ಡು.

ಎಲ್ಲರೂ ಮಾಡುವುದನ್ನೇ ನಾವೂ ಮಾಡಿದೆವು. ಸೆಕ್ಯೂರಿಟಿಯವರ ಜೊತೆ ಜಗಳ ಆಡಿದೆವು, ವಾಟ್ಸಾಪ್ ಗ್ರೂಪು ಮಾಡಿದೆವು, ಮನೆ ಮನೆಗೆ ಹೋಗಿ ಸಹಿ ಹಾಕಿಸಿದೆವು. ತಿಂಗಳುಗಟ್ಟಲೆ ಏನೂ ಆಗಲಿಲ್ಲ. ಆಮೇಲೆ ನಿವೃತ್ತ ಸರ್ವೆಯರ್ ಒಬ್ಬರು ನಮ್ಮ ಮನವಿ ಓದಿ ಒಂದೇ ಮಾತು ಕೇಳಿದರು. "ದಾರಿ ಅಂತ ಬರ್ದಿದ್ದೀರಿ, ಸರಿ. ಅದು ಯಾವ ಸರ್ವೆ ನಂಬರಲ್ಲಿದೆ?" ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ನಮ್ಮ ಕೆಲಸ ಶುರುವಾದದ್ದೇ ಆ ದಿನ.

ಇದು ಬೆಂಗಳೂರಿನ ಕೆರೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಆದರೆ ಪಹಣಿ (ಜಮೀನಿನ ಒಡೆತನ, ವಿಸ್ತೀರ್ಣ ಹೇಳುವ ದಾಖಲೆ), ಗ್ರಾಮ ನಕ್ಷೆ, ಖರಾಬು (ಕಂದಾಯ ಹಾಕದೆ ಬಿಟ್ಟ ಜಾಗ) ಇವೆಲ್ಲ ರಾಜ್ಯದ ಎಲ್ಲ ಕಡೆ ಒಂದೇ. ಹಾಗಾಗಿ ಮೈಸೂರು, ತುಮಕೂರು, ಧಾರವಾಡದವರಿಗೂ ಇದರ ಬಹುಪಾಲು ಉಪಯೋಗಕ್ಕೆ ಬರುತ್ತದೆ.

ನಾಲ್ಕು ಬಗೆಯ ಮಣ್ಣು

ಕೆರೆ ದಂಡೆಯ ದಾರಿ ನೋಡಲು ಒಂದೇ ಥರ ಕಾಣುತ್ತದೆ. ಕಾಗದದಲ್ಲಿ ಹಾಗಲ್ಲ. ನೂರು ಹೆಜ್ಜೆ ನಡೆಯುವಷ್ಟರಲ್ಲಿ ನೀವು ಮೂರು ಬೇರೆ ಬೇರೆ ಒಡೆತನದ ಮಣ್ಣಿನ ಮೇಲೆ ಕಾಲಿಟ್ಟಿರಬಹುದು. ಪ್ರತಿಯೊಂದಕ್ಕೂ ತಟ್ಟಬೇಕಾದ ಬಾಗಿಲು ಬೇರೆ.

ಮೊದಲನೆಯದು ಕೆರೆಯದ್ದೇ ಸರ್ವೆ ನಂಬರು. ಕೆರೆ ಅಂಗಳ, ಏರಿ, ಕೋಡಿ ಸಾಮಾನ್ಯವಾಗಿ ಇದರಲ್ಲಿ ಬರುತ್ತವೆ. ಇದು ಸರ್ಕಾರದ ಜಾಗ. ಇಲ್ಲಿ ಯಾರಾದರೂ ಗೋಡೆ ಕಟ್ಟಿದ್ದರೆ ಅದು ಒತ್ತುವರಿ, ಬೇರೆ ಮಾತೇ ಇಲ್ಲ.

ಎರಡನೆಯದು ಖಾಸಗಿ ಸರ್ವೆ ನಂಬರಿನ ಒಳಗೇ ಹಾದು ಹೋಗುವ ಹಳೆಯ ದಾರಿ. ನಮ್ಮ ಕಡೆ ಹಳಬರು ಇದನ್ನು ‘ನಕಾಶೆ ಕಂಡ ದಾರಿ’ ಅಂತಾರೆ. ಜಮೀನು ಖಾಸಗಿಯವರದು, ಆದರೆ ಆ ಪಟ್ಟಿಯಷ್ಟು ಜಾಗ ಬಿ ಖರಾಬು, ಅಂದರೆ ಸಾರ್ವಜನಿಕ ಕೆಲಸಕ್ಕೆ ಬಿಟ್ಟದ್ದು. ಎಷ್ಟೋ ಸಾರ್ವಜನಿಕ ದಾರಿಗಳು ಉಳಿದಿರುವುದೂ ಇದರಿಂದಲೇ, ಸದ್ದಿಲ್ಲದೆ ಕಾಣೆಯಾಗಿರುವುದೂ ಇಲ್ಲೇ.

ಮೂರನೆಯದು ಬಡಾವಣೆ ಅಥವಾ ದೊಡ್ಡ ಕಟ್ಟಡಕ್ಕೆ ಅನುಮತಿ ಪಡೆಯುವಾಗ ಡೆವಲಪರ್ ಸರ್ಕಾರಕ್ಕೆ ಬರೆದುಕೊಟ್ಟ ರಸ್ತೆ, ಪಾರ್ಕು, ಬಯಲು ಜಾಗ. ಕಾಂಪೌಂಡಿನ ಒಳಗೆ ಇರುತ್ತದೆ, ಅವರೇ ಹುಲ್ಲು ಬೆಳೆಸಿರುತ್ತಾರೆ, ಅವರದ್ದೇ ಸೆಕ್ಯೂರಿಟಿ ಇರುತ್ತದೆ. ಆದರೆ ಕಾಗದದ ಪ್ರಕಾರ ಅವರದಲ್ಲ.

ನಾಲ್ಕನೆಯದು ನಿಜವಾಗಿಯೂ ಖಾಸಗಿ ಜಾಗ. ಇಲ್ಲಿ ನಿಮಗೆ ಹಕ್ಕಿಲ್ಲ. ಕೇಳಿ ಪಡೆಯಬೇಕು.

ಇಲ್ಲಿ ತುಂಬಾ ಜನ ಎಡವುವ ಒಂದು ವಿಷಯ ಹೇಳಿಬಿಡುತ್ತೇನೆ. ‘ಕೆರೆಯಿಂದ 30 ಮೀಟರ್ ಬಫರ್ ಇದೆ, ಅದು ಸಾರ್ವಜನಿಕರದ್ದು, ನಾವು ಓಡಾಡಬಹುದು’ ಅಂತ ಹೇಳುವವರು ಬಹಳ. ಅದು ತಪ್ಪು. 2007ರಲ್ಲಿ ಜಾರಿಗೆ ಬಂದ ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ)ದ ‘ಮಹಾಯೋಜನೆ 2015’ ಕೆರೆ ಸುತ್ತ 30 ಮೀಟರ್ ಬಫರ್ ಇಟ್ಟಿತು. ಹಸಿರು ನ್ಯಾಯಮಂಡಳಿ 2016ರ ಮೇ ತಿಂಗಳಲ್ಲಿ ಅದನ್ನು 75 ಮೀಟರಿಗೆ ಏರಿಸಿತು. 2019ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಆ ಏರಿಕೆಯನ್ನು ರದ್ದು ಮಾಡಿ ಹಳೆಯ ಅಳತೆಗೇ ವಾಪಸ್ ತಂದಿತು. 2025ರಲ್ಲಿ ಕೆರೆಯ ವಿಸ್ತೀರ್ಣಕ್ಕೆ ತಕ್ಕಂತೆ ಬಫರ್ ಕಡಿಮೆ ಮಾಡುವ ಮಸೂದೆಯೂ ವಿಧಾನಮಂಡಲಕ್ಕೆ ಬಂತು. ಅಳತೆ ಏನೇ ಇರಲಿ, ಬಫರ್ ಅಂದರೆ ಅಲ್ಲಿ ಕಟ್ಟುವಂತಿಲ್ಲ ಅಂತ ಅರ್ಥ. ಒಡೆತನ ಬದಲಾಗುವುದಿಲ್ಲ. ಮಾಲೀಕ ಅಲ್ಲಿ ಮನೆ ಕಟ್ಟಲಾರ, ಆದರೆ ನೀವು ಅಲ್ಲಿ ನಡೆಯಬಹುದು ಅಂತ ಅದರಲ್ಲಿ ಎಲ್ಲೂ ಬರೆದಿಲ್ಲ. ಈ ವಾದ ಹಿಡಿದುಕೊಂಡು ಕಚೇರಿಗೆ ಹೋದರೆ ಮೊದಲ ಐದು ನಿಮಿಷದಲ್ಲೇ ನಿಮ್ಮ ಮಾತಿನ ಬೆಲೆ ಹೋಗುತ್ತದೆ.

ಮೊದಲ ಹೆಜ್ಜೆ: ಫೋನಿನಲ್ಲೇ ಸರ್ವೆ ನಂಬರು ಹಿಡಿಯಿರಿ

ದಿಶಾಂಕ್ ಅನ್ನುವ ಸರ್ಕಾರದ ಆ್ಯಪ್ ಹಾಕಿಕೊಳ್ಳಿ. ಗೇಟಿನ ಹತ್ತಿರ ನಿಂತು ತೆರೆದರೆ ನೀವು ನಿಂತಿರುವ ಸರ್ವೆ ನಂಬರು ತೋರಿಸುತ್ತದೆ. ಗೇಟು, ದಾರಿ ತಿರುಗುವ ಜಾಗ, ಏರಿ ಹತ್ತುವ ಜಾಗ, ಹೀಗೆ ನಾಲ್ಕೈದು ಕಡೆ ನಿಂತು ಸ್ಕ್ರೀನ್‌ಶಾಟ್ ತೆಗೆಯಿರಿ. ಒಳಗೆ ಬಿಡದಿದ್ದರೆ ಹೊರಗಿನಿಂದಲೇ ನೋಡಿ, ಮ್ಯಾಪಿನಲ್ಲಿ ಬೆರಳಿಟ್ಟರೂ ನಂಬರು ಬರುತ್ತದೆ.

ಆದರೆ ಇದನ್ನು ಸಾಕ್ಷಿ ಅಂತ ತೋರಿಸಬೇಡಿ. ಫೋನಿನ ಜಿಪಿಎಸ್ ಕೆಲವು ಮೀಟರ್ ಆಚೀಚೆ ಆಗುತ್ತದೆ, ದಾರಿಯ ಅಗಲವೇ ಅಷ್ಟಿರುತ್ತದೆ. ಯಾವ ಕಾಗದ ತೆಗೆಸಬೇಕು ಅಂತ ತಿಳಿಯಲು ಮಾತ್ರ ಇದು.

ಎರಡನೆಯದು: ಗ್ರಾಮ ನಕ್ಷೆ, ಪಹಣಿ, ಟಿಪ್ಪಣಿ

ನಿಮ್ಮ ಏರಿಯಾ ಈಗ ಎಷ್ಟೇ ಸಿಟಿ ಆಗಿರಲಿ, ಅದರ ಕೆಳಗೆ ಒಂದು ಹಳ್ಳಿ ಇದೆ. ಆ ಹಳ್ಳಿಯ ಹೆಸರು, ಹೋಬಳಿ, ತಾಲ್ಲೂಕು ಗೊತ್ತು ಮಾಡಿಕೊಳ್ಳಿ. ಭೂದಾಖಲೆ ಇಲಾಖೆಯ ವೆಬ್‌ಸೈಟಿನಲ್ಲಿ ಕಂದಾಯ ನಕ್ಷೆಗಳ ವಿಭಾಗ ಇದೆ, ಅಲ್ಲಿ ಗ್ರಾಮ ನಕ್ಷೆ ಪುಕ್ಕಟೆ ಸಿಗುತ್ತದೆ. ದೊಡ್ಡದಾಗಿ ಪ್ರಿಂಟ್ ಹಾಕಿಸಿ. ಕಂಪ್ಯೂಟರಿನಲ್ಲಿ ನೋಡಿದರೆ ಸಾಕಾಗಲ್ಲ, ಮೇಜಿನ ಮೇಲೆ ಹರಡಿಕೊಂಡು ನೋಡಬೇಕು.

ಎರಡು ಸಾಲು ಚುಕ್ಕೆ ಗೆರೆ ಜೊತೆಯಾಗಿ ಹೋಗುತ್ತಿದ್ದರೆ ಅದು ಬಂಡಿ ದಾರಿ. ಒಂದೇ ಸಾಲಿದ್ದರೆ ಕಾಲುದಾರಿ. ನಕ್ಷೆಯ ಮೂಲೆಯಲ್ಲಿ ಗುರುತುಗಳ ಪಟ್ಟಿ ಇರುತ್ತದೆ, ಒಮ್ಮೆ ತಾಳೆ ನೋಡಿ. ನಮ್ಮ ನಕ್ಷೆ ಹರಡಿದ ದಿನ ಪಕ್ಕದ ಮನೆಯ ಅಜ್ಜಿ ಕನ್ನಡಕ ಹಾಕಿಕೊಂಡು ಬಂದು, ಆ ಎರಡು ಸಾಲಿನ ಮೇಲೆ ಬೆರಳು ಓಡಿಸಿ, "ಇಲ್ಲೇ ಕಣಪ್ಪ, ನಮ್ಮತ್ತೆ ಕಾಲದಲ್ಲಿ ಗೊಬ್ಬರದ ಗಾಡಿ ಹೋಗ್ತಿದ್ದಿದ್ದು" ಅಂದರು. ಅಷ್ಟು ತಿಂಗಳು ನಾವು ಜಗಳವಾಡಿದ್ದ ಗೇಟು ಸರಿಯಾಗಿ ಆ ಎರಡು ಗೆರೆಗಳ ಮೇಲೆ ಇತ್ತು.

ಆಮೇಲೆ ಪಹಣಿ. ಭೂಮಿ ಪೋರ್ಟಲ್‌ನಲ್ಲಿ ಸಿಗುತ್ತದೆ. ವಿಸ್ತೀರ್ಣದ ಕಾಲಂ ನೋಡಿ. ಅಲ್ಲಿ ಒಟ್ಟು ಎಷ್ಟು, ಎ ಖರಾಬು ಎಷ್ಟು, ಬಿ ಖರಾಬು ಎಷ್ಟು ಅಂತ ಬೇರೆ ಬೇರೆ ಇರುತ್ತದೆ. ಕೆಲವು ಕಡೆ ಅ, ಬ ಅಂತ ಬರೆದಿರುತ್ತಾರೆ. ಎ ಖರಾಬು ಅಂದರೆ ಬಂಡೆ, ಕಣ, ದನದ ಕೊಟ್ಟಿಗೆ ಥರದ, ಬೇಸಾಯಕ್ಕೆ ಬಾರದ ಜಾಗ. ಅದು ಮಾಲೀಕನ ಜೊತೆಗೇ ಹೋಗುತ್ತದೆ. ಬಿ ಖರಾಬು ಅಂದರೆ ದಾರಿ, ಹಳ್ಳ, ಕೆರೆ, ಸ್ಮಶಾನ ಇತ್ಯಾದಿ ಸಾರ್ವಜನಿಕ ಕೆಲಸಕ್ಕೆ ಇರುವ ಜಾಗ. 1966ರ ಕರ್ನಾಟಕ ಭೂಕಂದಾಯ ನಿಯಮಗಳ 21ನೇ ನಿಯಮದಲ್ಲಿ ಈ ವ್ಯತ್ಯಾಸ ಹೇಳಿದ್ದಾರೆ. ಜಮೀನು ಎಷ್ಟು ಸಲ ಮಾರಾಟವಾದರೂ ಬಿ ಖರಾಬನ್ನು ಮಾರುವ ಹಕ್ಕು ಯಾರಿಗೂ ಬರುವುದಿಲ್ಲ.

ಬಿ ಖರಾಬು ನಾಲ್ಕು ಗುಂಟೆ ಅಂತ ಪಹಣಿ ಹೇಳಬಹುದು. ಒಂದು ಗುಂಟೆ ಅಂದರೆ 1,089 ಚದರ ಅಡಿ, ಹಾಗಾಗಿ ನಾಲ್ಕು ಗುಂಟೆ ಸಣ್ಣ ಜಾಗವಲ್ಲ. ಹತ್ತು ಅಡಿ ಅಗಲ ಹಿಡಿದರೆ ನಾನೂರು ಅಡಿಗೂ ಜಾಸ್ತಿ ಉದ್ದದ ದಾರಿ ಆಯಿತು. ಆದರೆ ಅದು ಜಮೀನಿನ ಯಾವ ಮೂಲೆಯಲ್ಲಿದೆ ಅನ್ನುವುದನ್ನು ಪಹಣಿ ಹೇಳುವುದಿಲ್ಲ. ಅದಕ್ಕೆ ಮೂಲ ಟಿಪ್ಪಣಿ ಬೇಕು. ಸರ್ವೆ ಆದಾಗ ಸರ್ವೆಯರ್ ಕೈಯಲ್ಲಿ ಬರೆದ ಅಳತೆಯ ಚಿತ್ರ ಅದು. ಜೊತೆಗೆ ಆಕಾರಬಂದ್, ಅಂದರೆ ಪ್ರತಿ ಸರ್ವೆ ನಂಬರಿನ ವಿಸ್ತೀರ್ಣ, ಕಂದಾಯ ಬರೆದಿಟ್ಟ ಸರ್ವೆ ದಾಖಲೆ ಸಹ ತೆಗೆಸಿ, ವಿಸ್ತೀರ್ಣ ಹೊಂದುತ್ತದಾ ನೋಡಿ. ಪಹಣಿಯಲ್ಲಿ ಖರಾಬು ಮಾಯವಾಗಿ ಆಕಾರಬಂದಿನಲ್ಲಿ ಉಳಿದಿದ್ದರೆ ಎಲ್ಲೋ ತಿದ್ದುಪಡಿ ಆಗಿದೆ ಅಂತ ಅರ್ಥ. ಆಗ ಹಳೆಯ ಕೈಬರಹದ ಪಹಣಿಗಳನ್ನೂ ಕೇಳಿ.

‘ಆ ದಾರಿ ಯಾವಾಗಲೋ ರದ್ದಾಗಿದೆ’ ಅಂತ ಹೇಳುವವರೂ ಸಿಗುತ್ತಾರೆ. ಬಾಯಿ ಮಾತಿನಲ್ಲಿ ದಾರಿ ರದ್ದಾಗುವುದಿಲ್ಲ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 67ನೇ ಕಲಂ ಸಾರ್ವಜನಿಕ ರಸ್ತೆ, ಓಣಿ, ಕಾಲುದಾರಿ, ಹಳ್ಳ, ಕೆರೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೆಸರಿಸಿ, ವ್ಯಕ್ತಿಗಳ ಸ್ವತ್ತಲ್ಲದ ಇವು ರಾಜ್ಯ ಸರ್ಕಾರದ್ದು ಅನ್ನುತ್ತದೆ. ಕೆರೆಯೂ ಅದಕ್ಕೆ ಹೋಗುವ ದಾರಿಯೂ ಒಂದೇ ಕಲಮಿನಲ್ಲಿವೆ, ಇದನ್ನು ನಿಮ್ಮ ಮನವಿಯಲ್ಲಿ ತಪ್ಪದೆ ಬರೆಯಿರಿ. ದಾರಿ ಇನ್ನು ಬೇಡ ಅಂತ ಸಾರ್ವಜನಿಕರ ಹಕ್ಕನ್ನು ತೆಗೆಯಬೇಕಾದರೆ 68ನೇ ಕಲಂ ಪ್ರಕಾರ ಜನರಿಗೆ ತಿಳಿಸಿ, ತಕರಾರು ಕೇಳಿ, ಆಮೇಲೆ ಆದೇಶ ಮಾಡಬೇಕು. ಆ ಆದೇಶದ ಪ್ರತಿ ಕೊಡಿ ಅಂತ ಕೇಳಿ. ಬರೀ ಆ ಒಂದು ಪ್ರಶ್ನೆಗೇ ಎಷ್ಟೋ ಜನ ಸುಮ್ಮನಾಗುತ್ತಾರೆ.

ಮೂರನೆಯದು: ಅಪಾರ್ಟ್‌ಮೆಂಟಿನ ಕಾಗದ

ನಕ್ಷೆಯಲ್ಲಿ ದಾರಿ ಇಲ್ಲ ಅಂದರೆ ಬಿಟ್ಟುಬಿಡಬೇಡಿ. 2017ರ ನಂತರ ನೋಂದಣಿಯಾದ ಪ್ರಾಜೆಕ್ಟ್ ಆಗಿದ್ದರೆ ಕರ್ನಾಟಕ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ವೆಬ್‌ಸೈಟಿಗೆ ಹೋಗಿ ಪ್ರಾಜೆಕ್ಟ್ ಹೆಸರು ಹಾಕಿ. ಮಂಜೂರಾದ ನಕ್ಷೆ, ಅನುಮತಿ ಪತ್ರಗಳು ಅಲ್ಲಿರುತ್ತವೆ, ಯಾರ ಅಪ್ಪಣೆಯೂ ಬೇಕಿಲ್ಲ. ನಕ್ಷೆಯ ಅಂಚುಗಳನ್ನು ದೊಡ್ಡದು ಮಾಡಿ ನೋಡಿ. ‘ಪಾರ್ಕ್ ಮತ್ತು ಬಯಲು ಜಾಗಕ್ಕೆ ಬಿಟ್ಟುಕೊಟ್ಟದ್ದು’, ‘ರಸ್ತೆಗೆ ಬಿಟ್ಟುಕೊಟ್ಟದ್ದು’, ‘ಖರಾಬು’ ಅನ್ನುವ ಅರ್ಥದ ಇಂಗ್ಲಿಷ್ ಪದಗಳು ಸಣ್ಣ ಅಕ್ಷರದಲ್ಲಿ ಇರುತ್ತವೆ. ಎಷ್ಟೋ ಸಲ ದಾರಿ ಸಿಗುವುದು ಆ ಸಣ್ಣ ಅಕ್ಷರದಲ್ಲೇ.

ಕಟ್ಟಡ 20,000 ಚದರ ಮೀಟರಿಗಿಂತ ದೊಡ್ಡದಾಗಿದ್ದರೆ ಪರಿಸರ ಅನುಮತಿಯೂ ಬೇಕಾಗಿರುತ್ತದೆ. ಆ ಪತ್ರವನ್ನು ಪರಿವೇಶ್ ಪೋರ್ಟಲ್‌ನಲ್ಲಿ ಹುಡುಕಿ. ಅದರ ಷರತ್ತುಗಳಲ್ಲಿ ಖರಾಬು ದಾರಿ, ರಾಜಕಾಲುವೆ, ಬಫರ್ ಬಗ್ಗೆ ಏನಾದರೂ ಹೇಳಿದ್ದಾರಾ ನೋಡಿ. ಬಿಲ್ಡರೇ ಸಹಿ ಹಾಕಿ ಒಪ್ಪಿದ ಷರತ್ತು ಅದು, ಆಮೇಲೆ ಅವರು ಅಲ್ಲಗಳೆಯುವುದು ಕಷ್ಟ.

ಬಿಟ್ಟುಕೊಟ್ಟ ಜಾಗವಾದರೆ ಹಾಗೆ ಬಿಟ್ಟುಕೊಟ್ಟೆವು ಅಂತ ಬರೆದ, ನೋಂದಣಿಯಾದ ಪರಿತ್ಯಾಜನ ಪತ್ರ ಇರಬೇಕು. ಅದರ ಪ್ರತಿ ಬಿಡಿಎ ಅಥವಾ ಆಯಾ ಯೋಜನಾ ಪ್ರಾಧಿಕಾರದಲ್ಲಿ ಸಿಗುತ್ತದೆ.

ನಾಲ್ಕನೆಯದು: ಆರ್‌ಟಿಐ, ಚಿಕ್ಕದಾಗಿ

ವೆಬ್‌ಸೈಟಿನಿಂದ ತೆಗೆದ ಪ್ರತಿ ನಿಮ್ಮ ತಿಳಿವಳಿಕೆಗೆ ಸಾಕು. ಕಚೇರಿಗೆ ಕೊಡುವ ಮನವಿಗೆ ದೃಢೀಕೃತ ಪ್ರತಿ ಬೇಕು, ಅದನ್ನು ಮಾಹಿತಿ ಹಕ್ಕಿನ ಅರ್ಜಿ ಹಾಕಿ ತೆಗೆಸಿ. ಅರ್ಜಿ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಎರಡು ಪುಟ ದೂರು ಬರೆದು ಕೊನೆಗೆ ಪ್ರಶ್ನೆ ಕೇಳುವವರ ಅರ್ಜಿ ಇದೇ ಕಾರಣಕ್ಕೆ ವಾಪಸ್ ಬರುತ್ತದೆ. ‘ಯಾಕೆ’ ಅಂತ ಕೇಳಬೇಡಿ, ‘ಪ್ರತಿ ಕೊಡಿ’ ಅಂತ ಕೇಳಿ. ಹೀಗೆ ಬರೆಯಬಹುದು:

"ವಿಷಯ: (ಗ್ರಾಮದ ಹೆಸರು) ಗ್ರಾಮದ ಕೆರೆಗೆ ಹೋಗುವ ದಾರಿಯ ದಾಖಲೆಗಳು. ಕೆಳಗಿನ ದಾಖಲೆಗಳ ದೃಢೀಕೃತ ಪ್ರತಿ ಕೊಡಬೇಕಾಗಿ ಕೋರುತ್ತೇನೆ. 1. ಗ್ರಾಮ ನಕ್ಷೆ. 2. ಸರ್ವೆ ನಂಬರು (ಇಂತಿಷ್ಟು) ಇದರ ಮೂಲ ಟಿಪ್ಪಣಿ ಮತ್ತು ಆಕಾರಬಂದ್. 3. ಈ ಸರ್ವೆ ನಂಬರಿನ ಬಿ ಖರಾಬಿನ ವಿಸ್ತೀರ್ಣ ಮತ್ತು ಉದ್ದೇಶ ತೋರಿಸುವ ದಾಖಲೆ. 4. ಸದರಿ ದಾರಿಯ ಮೇಲಿನ ಸಾರ್ವಜನಿಕರ ಹಕ್ಕನ್ನು ಭೂಕಂದಾಯ ಕಾಯ್ದೆಯ 68ನೇ ಕಲಂ ಅಡಿಯಲ್ಲಿ ರದ್ದುಪಡಿಸಿದ ಆದೇಶ ಇದ್ದಲ್ಲಿ ಅದರ ಪ್ರತಿ."

ಇದನ್ನು ತಾಲ್ಲೂಕು ಕಚೇರಿಗೆ ಮತ್ತು ಭೂದಾಖಲೆಗಳ ಸಹಾಯಕ ನಿರ್ದೇಶಕರ ಕಚೇರಿಗೆ, ಎರಡಕ್ಕೂ ಹಾಕಿ. ಒಂದು ಕಚೇರಿ ಇನ್ನೊಂದರ ಕಡೆ ಕೈ ತೋರಿಸುವುದು ತಪ್ಪುತ್ತದೆ. 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಬೇಕು. ಈ ಗಡುವನ್ನು ಕ್ಯಾಲೆಂಡರಿನಲ್ಲಿ ಬರೆದಿಟ್ಟುಕೊಳ್ಳಿ. ನಾವು ಒಂದು ಸಲ ಮರೆತು ಮತ್ತೆ ಮೊದಲಿನಿಂದ ಶುರು ಮಾಡಬೇಕಾಯಿತು.

ಐದನೆಯದು: ಅಳತೆ ಮಾಡಿಸಿ, ಕಲ್ಲು ನೆಡಿಸಿ

ಕಾಗದ ಕೈಗೆ ಬಂದ ಮೇಲೆ ತಹಶೀಲ್ದಾರರಿಗೆ ಮನವಿ. ಗೇಟು ತೆಗೆಸಿ ಅಂತ ಮೊದಲೇ ಕೇಳಬೇಡಿ. ಹದ್ದುಬಸ್ತು ಮಾಡಿ, ಅಂದರೆ ಅಳೆದು ಗಡಿ ಗುರುತಿಸಿ, ದಾರಿಯ ಗಡಿಗೆ ಕಲ್ಲು ನೆಡಿ ಅಂತ ಕೇಳಿ, ಅಳತೆಯಲ್ಲಿ ಒತ್ತುವರಿ ಕಂಡರೆ ಭೂಕಂದಾಯ ಕಾಯ್ದೆಯ 104ನೇ ಕಲಂ ಪ್ರಕಾರ ತೆರವು ಮಾಡಿ ಅಂತ ಅದರ ಕೆಳಗೆ ಸೇರಿಸಿ. ಅಳತೆ ಮಾಡಿ ಅನ್ನುವ ಮನವಿಯನ್ನು ಯಾವ ಅಧಿಕಾರಿಯೂ ಸುಲಭವಾಗಿ ಬೇಡ ಅನ್ನಲಾರರು. ತೆರವು ಅನ್ನುವ ಪದ ಮೊದಲ ಸಾಲಿನಲ್ಲೇ ಕಂಡರೆ ಫೈಲು ಕೆಳಗೆ ಹೋಗುತ್ತದೆ. ಇದು ನಾನು ನೋಡಿ ಕಲಿತದ್ದು.

ಅಳತೆಯ ದಿನ ನೀವು ಹತ್ತು ಜನ ಹೋಗಬೇಡಿ, ಮೂವರು ಸಾಕು. ಒಬ್ಬರು ಹಳೆಯ ಊರಿನವರು ಇರಲೇಬೇಕು, ಹಳೆ ಬಾವಿ, ಹಳೆ ಕಲ್ಲು, ತೂಬು ಎಲ್ಲಿತ್ತು ಅಂತ ತೋರಿಸಲು. ಸರ್ವೆಯರ್ ಅಳತೆ ಶುರು ಮಾಡುವುದೇ ಅಂಥ ಕದಲದ ಗುರುತುಗಳಿಂದ. ಅಪಾರ್ಟ್‌ಮೆಂಟಿನವರಿಗೂ ನೋಟಿಸ್ ಹೋಗಿದೆಯಾ ಅಂತ ಖಚಿತ ಮಾಡಿಕೊಳ್ಳಿ. ಅವರಿಗೆ ತಿಳಿಸದೆ ಮಾಡಿದ ಅಳತೆ ನಾಳೆ ನಿಲ್ಲುವುದಿಲ್ಲ. ಮಹಜರು, ಅಂದರೆ ಸ್ಥಳದಲ್ಲೇ ಬರೆಯುವ ವರದಿ, ಬರೆದ ಮೇಲೆ ಓದಿ ಸಹಿ ಹಾಕಿ, ಪ್ರತಿ ಕೇಳಿ.

ಯಾರ ಬಾಗಿಲು

ಬೆಂಗಳೂರಿನಲ್ಲಿ 2025ರ ಸೆಪ್ಟೆಂಬರಿನಿಂದ ಬಿಬಿಎಂಪಿ ಇಲ್ಲ. ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳಿವೆ. ನಿಮ್ಮ ಕೆರೆ ಯಾವ ಪಾಲಿಕೆಗೆ ಸೇರಿದೆ ಅಂತ ತಿಳಿದುಕೊಂಡು ಅಲ್ಲಿನ ಕೆರೆ ವಿಭಾಗದ ಇಂಜಿನಿಯರಿಗೆ ಬರೆಯಿರಿ. ಹಳೆಯ ಸಹಾಯವಾಣಿ 1533ರಲ್ಲೂ ದೂರು ದಾಖಲಿಸಿ, ದೂರಿನ ನಂಬರು ಮುಂದೆ ಕೆಲಸಕ್ಕೆ ಬರುತ್ತದೆ.

ಕೆರೆಯ ಸರ್ವೆ ನಂಬರಿನಲ್ಲೇ ಒತ್ತುವರಿಯಾದರೆ ತಹಶೀಲ್ದಾರರ ಜೊತೆ ಕರ್ನಾಟಕ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರಕ್ಕೂ ಬರೆಯಿರಿ. 2014ರ ಕಾಯ್ದೆಯ ಕೆಳಗೆ ಬಂದ ಪ್ರಾಧಿಕಾರ ಇದು. ಸರ್ಕಾರಿ ಜಾಗದ ದೊಡ್ಡ ಕಬಳಿಕೆಗೆ ಬೆಂಗಳೂರಿನಲ್ಲಿ ಭೂಕಬಳಿಕೆ ನಿಷೇಧ ವಿಶೇಷ ನ್ಯಾಯಾಲಯವೂ ಇದೆ. ಬಿಟ್ಟುಕೊಟ್ಟ ಪಾರ್ಕು ಅಥವಾ ರಸ್ತೆಯಾದರೆ ಅದನ್ನು ವಶಕ್ಕೆ ತೆಗೆದುಕೊಳ್ಳಬೇಕಾದದ್ದು ಬಿಡಿಎ ಅಥವಾ ಪಾಲಿಕೆ, ತಹಶೀಲ್ದಾರರಲ್ಲ. ಮಣ್ಣಿನ ಬಗೆ ಮೊದಲು ಗೊತ್ತಿರಬೇಕು ಅಂದದ್ದು ಇದಕ್ಕೇ. ತಪ್ಪು ಕಚೇರಿಗೆ ಕೊಟ್ಟ ಅರ್ಜಿ ಸರಿ ಕಚೇರಿಗೆ ತಾನಾಗಿ ಹೋಗುವುದಿಲ್ಲ.

ಕಚೇರಿಗಳು ಅಲುಗಾಡದಿದ್ದರೆ ಕಾನೂನಿನ ದಾರಿಗಳಿವೆ. ಸಾರ್ವಜನಿಕ ದಾರಿಗೆ ಅಡ್ಡಿ ಮಾಡಿದ್ದನ್ನು ತೆಗೆಯಲು ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರು ಆದೇಶ ಮಾಡಬಹುದು. ಹಿಂದೆ ಅದು ದಂಡಪ್ರಕ್ರಿಯಾ ಸಂಹಿತೆಯ 133ನೇ ಕಲಂ, 2024ರ ಜುಲೈ 1ರಿಂದ ಅದರ ಬದಲು ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಬಿಎನ್‌ಎಸ್‌ಎಸ್‌ನ 152ನೇ ಕಲಂ. ಸಿವಿಲ್ ಕೋರ್ಟಿನಲ್ಲಿ ಇಬ್ಬರು ಸೇರಿ, ಕೋರ್ಟಿನ ಅನುಮತಿ ಪಡೆದು, ಸಿವಿಲ್ ಪ್ರಕ್ರಿಯಾ ಸಂಹಿತೆಯ (ಸಿಪಿಸಿ) 91ನೇ ಕಲಂ ಅಡಿ ದಾವೆ ಹೂಡಬಹುದು. ಕೆರೆಗೇ ಹಾನಿಯಾಗಿದ್ದರೆ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠ ಇದೆ, ಆದರೆ ಅಲ್ಲಿ ಸಾಮಾನ್ಯವಾಗಿ ಆರು ತಿಂಗಳ ಗಡುವು. ಹೈಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿ ಬೆಂಗಳೂರಿನವರು ದೊಡ್ಡ ಕೆಲಸ ಮಾಡಿದ್ದಾರೆ. 2004ರ ನಂತರ ಹೆಬ್ಬಾಳ, ನಾಗವಾರ ಮುಂತಾದ ಕೆರೆಗಳನ್ನು ಖಾಸಗಿಯವರಿಗೆ ಗುತ್ತಿಗೆ ಕೊಟ್ಟಾಗ 2008ರಲ್ಲಿ ಹೈಕೋರ್ಟಿಗೆ ಹೋದವರಿಂದಲೇ ಕೆರೆಗಳ ಬಗ್ಗೆ ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ಸಮಿತಿಯ ವರದಿಯೂ, ಜಿಲ್ಲೆಗೊಂದು ಕೆರೆ ಸಂರಕ್ಷಣಾ ಸಮಿತಿಯ ವ್ಯವಸ್ಥೆಯೂ ಬಂತು. ಆದರೂ ನನ್ನ ಅಭಿಪ್ರಾಯ ಕೇಳಿದರೆ, ಒಂದು ಗೇಟಿಗೋಸ್ಕರ ಮೊದಲೇ ಹೈಕೋರ್ಟಿಗೆ ಹೋಗಬೇಡಿ. ಹದ್ದುಬಸ್ತಿನ ವರದಿ ಇಲ್ಲದೆ ಹೋದರೆ ಅಲ್ಲೂ ಮೊದಲು ಅಳತೆ ಮಾಡಿಸಿ ಅಂತಲೇ ಹೇಳಬಹುದು.

‘ನಾವು 20 ವರ್ಷದಿಂದ ಓಡಾಡಿದ್ದೇವೆ’ ಅನ್ನುವ ವಾದದ ಬಗ್ಗೆ ಒಂದು ಮಾತು. 1882ರ ಈಸ್‌ಮೆಂಟ್ ಕಾಯ್ದೆಯಲ್ಲಿ ಬೇರೆಯವರ ಜಮೀನಿನಲ್ಲಿ ಓಡಾಡುವ ಹಕ್ಕಿಗೆ 20 ವರ್ಷದ ಲೆಕ್ಕ ಇರುವುದು ನಿಜ. ಆದರೆ ಆ ಹಕ್ಕು ನಿಮ್ಮ ಮನೆ, ನಿಮ್ಮ ಜಮೀನಿಗೆ ಅಂಟಿಕೊಂಡದ್ದು, ಊರಿಗೆಲ್ಲ ಸೇರಿದ್ದಲ್ಲ. ಅಡ್ಡಿಯಾದ ಎರಡು ವರ್ಷದೊಳಗೆ ದಾವೆ ಹಾಕಬೇಕು. ಯಾರದ್ದಾದರೂ ಜಮೀನಿಗೆ ಈ ದಾರಿ ಬಿಟ್ಟರೆ ಬೇರೆ ದಾರಿ ಇರಲಿಲ್ಲ ಅನ್ನುವಂತಿದ್ದರೆ ಅವರು ವಕೀಲರನ್ನು ಬೇಗ ಕಾಣಲಿ.

ನಿಜವಾಗಿಯೂ ಖಾಸಗಿ ಜಾಗವಾದರೆ

ಇಲ್ಲಿ ಧ್ವನಿ ಬದಲಾಗಬೇಕು. ಅವರು ದುಡ್ಡು ಕೊಟ್ಟು ತೆಗೆದುಕೊಂಡ ಜಾಗ, ನೀವು ಕೇಳಲು ಹೋದವರು. ಅಪಾರ್ಟ್‌ಮೆಂಟ್ ಸಂಘದ ಸಭೆಗೆ ಕರೆಯಿಸಿಕೊಂಡು ಹೋಗಿ, ಮೊದಲು ಅವರ ಮಾತು ಪೂರ್ತಿ ಕೇಳಿ. ಕಳ್ಳತನ, ಕಸ, ರಾತ್ರಿ ಕುಡಿಯುವವರು, ಮಕ್ಕಳ ಸುರಕ್ಷತೆ, ಈ ನಾಲ್ಕು ಭಯ ಬಹುಪಾಲು ಎಲ್ಲ ಕಡೆ ಇರುತ್ತವೆ. ಇವು ಸುಳ್ಳು ಭಯಗಳಲ್ಲ. ಉತ್ತರ ತೆಗೆದುಕೊಂಡು ಹೋಗಿ. ದಾರಿಗೂ ಕಟ್ಟಡಕ್ಕೂ ನಡುವೆ ಬೇರೆ ಬೇಲಿ, ಬೆಳಗಿನಿಂದ ಸಂಜೆವರೆಗೆ ಮಾತ್ರ ತೆರೆದಿರುವುದು, ಎರಡು ದೀಪ, ದಿನಾ ಯಾರು ಬೀಗ ತೆಗೆದು ಹಾಕುತ್ತಾರೆ ಅನ್ನುವ ಹೆಸರು. ಆ ಸಭೆಯಲ್ಲಿ ನಿಮ್ಮ ಕಡೆಯಿಂದ ಹೆಂಗಸರು, ವಯಸ್ಸಾದವರು ಮಾತಾಡಿದರೆ ಒಳ್ಳೆಯದು. ಕೆರೆ ನೋಡಬೇಕು ಅನ್ನುವ ಆಸೆ ಒಳಗಿರುವವರಿಗೂ ಇದೆ, ಅವರ ಅಪ್ಪ ಅಮ್ಮನೂ ಸಂಜೆ ನಡೆಯಬೇಕಲ್ವಾ.

ಒಪ್ಪಿದರೆ ಬಾಯಿ ಮಾತಿಗೆ ನಿಲ್ಲಿಸಬೇಡಿ. ಬಾಯಲ್ಲಿ ಕೊಟ್ಟ ಅನುಮತಿಯನ್ನು ಯಾವಾಗ ಬೇಕಾದರೂ ಹಿಂದಕ್ಕೆ ತೆಗೆದುಕೊಳ್ಳಬಹುದು, ಸಂಘದ ಅಧ್ಯಕ್ಷರು ಬದಲಾದರೆ ಸಾಕು. ಪಾಲಿಕೆಯ ಹೆಸರಿಗೆ ಆ ಪಟ್ಟಿಯನ್ನು ನೋಂದಾಯಿಸಿ ಕೊಡುವುದು ಎಲ್ಲಕ್ಕಿಂತ ಗಟ್ಟಿ. ಸಾರ್ವಜನಿಕ ರಸ್ತೆ ಅಥವಾ ಪಾರ್ಕಿಗೆ ಜಾಗ ಬಿಟ್ಟುಕೊಟ್ಟವರಿಗೆ ಬದಲಾಗಿ ಕಟ್ಟುವ ಹಕ್ಕು, ಅಂದರೆ ಟಿಡಿಆರ್ ಕೊಡುವ ಅವಕಾಶ ನಗರ ಯೋಜನಾ ಕಾಯ್ದೆಯಲ್ಲಿದೆ. ಇನ್ನೂ ಕಟ್ಟದ ಜಮೀನಿನ ಮಾಲೀಕರ ಮುಂದೆ ಇದನ್ನು ಇಡಬಹುದು.

ನ್ಯೂಜೆರ್ಸಿಯಲ್ಲಿರುವ ಕನ್ನಡಿಗರು ಹಡ್ಸನ್ ನದಿ ದಂಡೆಯಲ್ಲಿ ನಡೆದಿರುತ್ತಾರೆ. ಜಾರ್ಜ್ ವಾಷಿಂಗ್ಟನ್ ಸೇತುವೆಯಿಂದ ಬಯೋನ್‌ವರೆಗೆ ಸುಮಾರು 18 ಮೈಲಿ ಉದ್ದಕ್ಕೆ ಯೋಜಿಸಿದ ಆ ದಾರಿಯ ಬಹುಭಾಗ ಖಾಸಗಿಯವರ ಜಾಗದ ಮೇಲೇ ಇದೆ. 1988ರ ರಾಜ್ಯದ ನಿಯಮದ ಪ್ರಕಾರ ನದಿ ಪಕ್ಕ ಕಟ್ಟುವವರು 30 ಅಡಿ ಅಗಲದ ದಾರಿಯನ್ನು ತಾವೇ ಮಾಡಿ ಜನರಿಗೆ ತೆರೆದಿಡಬೇಕು. ಕಟ್ಟಲು ಅನುಮತಿ ಬೇಕಾದರೆ ದಾರಿ ಕೊಡಿ, ಇಷ್ಟೇ ಅದರ ತಿರುಳು. ಬಫರ್ ಅಳತೆಯ ಬಗ್ಗೆ ಇಷ್ಟು ವರ್ಷ ವಾದ ಮಾಡಿರುವ ನಮ್ಮ ನಗರ, ಆ ಬಫರಿನಲ್ಲಿ ಜನ ನಡೆಯಬಹುದು ಅನ್ನುವ ಒಂದು ಸಾಲನ್ನು ಮುಂದಿನ ಮಹಾಯೋಜನೆಯಲ್ಲಿ ಸೇರಿಸಲಿ ಅಂತ ನನ್ನ ಆಸೆ. ಕರಡು ಹೊರಬಂದು ಆಕ್ಷೇಪಣೆ ಕೇಳಿದಾಗ ನೀವೂ ಈ ಸಾಲು ಬರೆದು ಕಳಿಸಿ.

ಮಾಡಬಾರದ್ದು

ಬೀಗ ಒಡೆಯಬೇಡಿ, ಗೋಡೆ ಹಾರಬೇಡಿ. ದಾರಿ ನಿಮ್ಮದೇ ಅಂತ ದಾಖಲೆ ಇದ್ದರೂ ಬೇಡ. ಅತಿಕ್ರಮ ಪ್ರವೇಶದ ಒಂದು ದೂರು ಬಿದ್ದರೆ ಎಲ್ಲರ ಗಮನ ಗೇಟಿನಿಂದ ನಿಮ್ಮ ಕಡೆ ತಿರುಗುತ್ತದೆ. ಸೆಕ್ಯೂರಿಟಿ ಕೆಲಸದವರನ್ನು ಬೈಯಬೇಡಿ, ಅವರು ಹನ್ನೆರಡು ಗಂಟೆ ನಿಂತು ದುಡಿಯುವವರು. ಗೇಟು ಹಾಕಿದ್ದು ಅವರಲ್ಲ. ಮಾಲೀಕರ ಹೆಸರು, ಫೋಟೋ ಹಾಕಿ ಸೋಷಿಯಲ್ ಮೀಡಿಯಾದಲ್ಲಿ ಬರೆಯುವುದೂ ಬೇಡ, ನಕ್ಷೆ ಹಾಕಿ, ಸಾಕು.

ದಾರಿ ತೆರೆದ ಮೇಲೆ

ನಮ್ಮಲ್ಲಿ ಅಳತೆ ಆಗಿ, ಎರಡು ಸಲ ಮುಂದೂಡಿ, ಕೊನೆಗೆ ಗೇಟು ಕಟ್ಟಡದ ಕಡೆಗೆ ಹನ್ನೊಂದು ಅಡಿ ಸರಿಯಿತು. ಅವತ್ತು ನಾವು ಪಟಾಕಿ ಹೊಡೆಯಲಿಲ್ಲ, ಒಳಗಿನವರನ್ನೂ ಕರೆದು ಏರಿ ಮೇಲೆ ಕಾಫಿ ಕುಡಿದೆವು. ಈಗ ಅವರೂ ಅದೇ ದಾರಿಯಲ್ಲಿ ಬರುತ್ತಾರೆ.

ಆಮೇಲೆ ಬರುವ ಆಸೆ ಕಾಂಕ್ರೀಟು, ಟೈಲ್ಸು, ಬಣ್ಣದ ದೀಪ. ದಯವಿಟ್ಟು ಮಣ್ಣಿನ ದಾರಿ ಇರಲಿ. ದಾರಿ ಅಗಲ ಮಾಡಲು ಕೆರೆ ಅಂಗಳಕ್ಕೆ ಮಣ್ಣು ತುಂಬಿದರೆ ನಾವೇ ಒತ್ತುವರಿದಾರರಾಗುತ್ತೇವೆ. ನೀರು ಬರುವ ಜಾಗ, ಜೊಂಡು ಬೆಳೆದ ಜಾಗ ಬಿಟ್ಟು ಸುತ್ತಿ ಹೋಗಲಿ, ಹಕ್ಕಿ ಗೂಡು ಕಟ್ಟುವುದು ಅಲ್ಲೇ. ಗಾಲಿಕುರ್ಚಿ ಹೋಗುವಷ್ಟು ಸಮ ಇರಲಿ, ಬೈಕು ನುಗ್ಗದಂತೆ ಕಲ್ಲು ಇರಲಿ.

ಹಸುಗಳಿಗೆ ದಾರಿ ಬಿಡಿ. ನಗರದಲ್ಲಿ ಎಷ್ಟೋ ಕೆರೆಗಳನ್ನು ಚೆನ್ನಾಗಿ ಮಾಡುವ ಭರದಲ್ಲಿ ಸುತ್ತ ಬೇಲಿ ಹಾಕಿ, ವಾಕಿಂಗ್ ಮಾಡುವವರಿಗೆ ಗೇಟು ಇಟ್ಟು, ದನ ಮೇಯಿಸುವವರನ್ನು, ಹುಲ್ಲು ಕುಯ್ಯುವವರನ್ನು ಹೊರಗೆ ನಿಲ್ಲಿಸಿದ್ದಾರೆ. ಆ ನಕ್ಷೆಯ ಎರಡು ಸಾಲು ಗೆರೆ ಬಂದದ್ದೇ ಅವರ ಗಾಡಿಯಿಂದ. ಅವರ ಓಡಾಟ ಇಲ್ಲದಿದ್ದರೆ ನಮಗೆ ತೋರಿಸಲು ಯಾವ ದಾಖಲೆಯೂ ಇರುತ್ತಿರಲಿಲ್ಲ. ಹಾಗಾಗಿ ಗೇಟಿನ ಅಗಲ ಗೊತ್ತು ಮಾಡುವ ದಿನ ಅವರನ್ನು ಕೇಳಿ. ನಮ್ಮಲ್ಲಿ ಕೇಳಿದಾಗ ಹಸು ಕಟ್ಟುವ ಅಕ್ಕ ಎರಡು ಕೈ ಚಾಚಿ ತೋರಿಸಿದರು, ಕೊಂಬು ತಗುಲಬಾರದು ಅಂತ. ಅಷ್ಟೇ ಅಗಲ ಇಟ್ಟಿದ್ದೇವೆ.

ಕೊನೆಯದಾಗಿ, ನೆಟ್ಟ ಕಲ್ಲುಗಳ ಫೋಟೋ ತೆಗೆದು, ಒಂದಕ್ಕೊಂದು ಎಷ್ಟು ದೂರ ಅಂತ ಟೇಪು ಹಿಡಿದು ಬರೆದಿಡಿ. ಮಹಜರು, ಅಳತೆ ನಕ್ಷೆ, ದೃಢೀಕೃತ ಪ್ರತಿಗಳನ್ನು ಒಬ್ಬರ ಮನೆಯಲ್ಲಿ ಮಾತ್ರ ಇಡಬೇಡಿ, ಮೂರು ಮನೆಯಲ್ಲಿ ಒಂದೊಂದು ಸೆಟ್ಟು ಇರಲಿ. ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ, ದೀಪಾವಳಿಯ ಹೊತ್ತಿಗೆ, ಹುಲ್ಲು ಸರಿಸಿ ಕಲ್ಲುಗಳನ್ನು ಎಣಿಸಿ. ಒಂದು ಕಮ್ಮಿ ಆಗಿದ್ದರೆ ಅದೇ ವಾರ ತಹಶೀಲ್ದಾರರಿಗೆ ಬರೆದು ತಿಳಿಸಿ.